ಮುಂದಿನ ಚಕ್ರ ಏಕೆ ತಿರುಗುತ್ತಿಲ್ಲ?

ಜೂನ್ ಎರಡನೆಯ ವಾರ. ಮಲೆನಾಡಿನಲ್ಲಿ ಮಳೆ ಹಿಡಿದಿದೆ. ತೋಟದ ಮಣ್ಣುರಸ್ತೆಯ ಚಡಾವಿನಲ್ಲಿ ಗೊಬ್ಬರದ ಮೂಟೆ ಹೇರಿಕೊಂಡ ಪಿಕಪ್ ಒಂದು ನಿಂತುಬಿಟ್ಟಿದೆ. ಹಿಂದಿನ ಚಕ್ರಗಳು ಗಿರ್ರನೆ ತಿರುಗುತ್ತ ತಮ್ಮ ಹೊಂಡವನ್ನು ತಾವೇ ತೋಡಿಕೊಳ್ಳುತ್ತಿವೆ. ಚಾಲಕ ಡ್ಯಾಶ್‌ಬೋರ್ಡಿನ ನಾಬನ್ನು ‘ಫೋರ್ ಹೈ’ ಎಂಬಲ್ಲಿಗೆ ತಿರುಗಿಸುತ್ತಾನೆ. ಹಸಿರು ದೀಪ ಮಿನುಗುತ್ತದೆ, ಮಿನುಗುತ್ತಲೇ ಇರುತ್ತದೆ. ಮುಂದಿನ ಚಕ್ರಗಳು ಮಾತ್ರ ತಮಗೂ ಈ ಗಾಡಿಗೂ ಸಂಬಂಧವೇ ಇಲ್ಲವೆಂಬಂತೆ ಸುಮ್ಮನಿವೆ.

“ಫೋರ್‌ವೀಲ್ ಬೀಳ್ತಾ ಇಲ್ಲ ಮಾರಾಯ್ರೆ!”

ಗಾಡಿಯ ಸುತ್ತ ಸೇರಿದವರಲ್ಲಿ ಒಬ್ಬರು ಮೋಟಾರು ಹೋಗಿದೆ ಎನ್ನುತ್ತಾರೆ. ಇನ್ನೊಬ್ಬರು ಗೇರು ಪೆಟ್ಟಿಗೆಯೇ ಹೋಗಿದೆ ಎನ್ನುತ್ತಾರೆ. ಮೂರನೆಯವರಿಗೆ ಹಳೆಯ ಜೀಪಿನ ಕಬ್ಬಿಣದ ಲಿವರಿನ ನೆನಪಾಗಿ, ಈ ಕರೆಂಟಿನ ನಾಬನ್ನು ನಂಬಲೇಬಾರದು ಎಂಬ ತೀರ್ಪು ಬರುತ್ತದೆ. ಮೂವರೂ ಒಂದೊಂದು ಭಾಗದ ಹೆಸರು ಹೇಳಿದರೇ ಹೊರತು ‘ಎಂಜಿನ್ನಿನ ಶಕ್ತಿ ಎಲ್ಲಿಯವರೆಗೆ ಬಂದಿದೆ, ಎಲ್ಲಿ ನಿಂತಿದೆ?’ ಎಂದು ಯಾರೂ ಕೇಳಲಿಲ್ಲ.

ಮನೆಯಲ್ಲಿ ಬಲ್ಬು ಉರಿಯದಿದ್ದರೆ ಯಾರೂ ಮೊದಲಿಗೆ ಗೋಡೆ ಒಡೆದು ತಂತಿ ಬದಲಿಸುವುದಿಲ್ಲ. ಪಕ್ಕದ ಮನೆಯಲ್ಲಿ ಕರೆಂಟು ಇದೆಯೇ ಎಂದು ಇಣುಕುತ್ತಾರೆ, ಫ್ಯೂಸು ನೋಡುತ್ತಾರೆ, ಬಲ್ಬನ್ನು ಬೇರೆ ಹೋಲ್ಡರಿಗೆ ಹಾಕಿ ನೋಡುತ್ತಾರೆ. ಆದರೆ ಗಾಡಿಯ ವಿಷಯಕ್ಕೆ ಬಂದಾಗ ಇದೇ ಬುದ್ಧಿವಂತರು “ಒಂದು ಹೊಸದು ಹಾಕಿ ನೋಡೋಣ” ಎಂಬ ಮಾತಿಗೆ ತಲೆಯಾಡಿಸಿಬಿಡುತ್ತಾರೆ. ಹಾಕಿ ನೋಡುವುದು ಪರೀಕ್ಷೆಯಲ್ಲ, ಜೂಜು. ಕೆಲವೇ ರೂಪಾಯಿಯ ರಬ್ಬರ್ ಕೊಳವೆ ಸೀಳಿದ್ದಕ್ಕೆ ಸಾವಿರಾರು ರೂಪಾಯಿಯ ಮೋಟಾರು ಬದಲಾಗುವುದು ಹೀಗೆ. ಹಣ ಹೋದರೂ ಚಿಂತೆಯಿಲ್ಲ ಎನ್ನೋಣ; ಆದರೆ ಮಳೆಗಾಲದ ರಾತ್ರಿ ಇದೇ ಚಡಾವಿನಲ್ಲಿ ಜ್ವರದ ಮಗುವನ್ನು ಆಸ್ಪತ್ರೆಗೆ ಒಯ್ಯಬೇಕಾದೀತು. ಆಗ ಬೇಕಾಗುವುದು ಹೊಸ ಮೋಟಾರಲ್ಲ, ನಿಜವಾಗಿ ಬೀಳುವ ಫೋರ್‌ವೀಲ್.

ಶಕ್ತಿ ನಡೆಯುವ ದಾರಿ

ಸಾಮಾನ್ಯ ಪಿಕಪ್‌ನಲ್ಲಿ ಎಂಜಿನ್ನಿನ ಶಕ್ತಿ ಗೇರು ಪೆಟ್ಟಿಗೆಯ ಮೂಲಕ ಒಂದು ಉದ್ದನೆಯ ಪ್ರೊಪೆಲರ್ ಶಾಫ್ಟಿಗೆ ಬಂದು, ಅಲ್ಲಿಂದ ಹಿಂದಿನ ಡಿಫರೆನ್ಷಿಯಲ್‌ಗೆ, ಅಲ್ಲಿಂದ ಎರಡು ಹಿಂಚಕ್ರಗಳಿಗೆ ಹೋಗುತ್ತದೆ. ನಾಲ್ಕು ಚಕ್ರದ ಚಾಲನೆಯಿರುವ ಗಾಡಿಯಲ್ಲಿ ಗೇರು ಪೆಟ್ಟಿಗೆಯ ಹಿಂದೆ ಇನ್ನೊಂದು ಪೆಟ್ಟಿಗೆ ಇರುತ್ತದೆ. ಇದೇ ಟ್ರಾನ್ಸ್‌ಫರ್ ಕೇಸ್. ಇದರೊಳಗೆ ಹಲ್ಲುಳ್ಳ ಒಂದು ಬಳೆ ಅತ್ತ ಸರಿದರೆ ಶಕ್ತಿ ಹಿಂದಕ್ಕೆ ಮಾತ್ರ, ಇತ್ತ ಸರಿದರೆ ಮುಂದಕ್ಕೂ ಹೋಗುತ್ತದೆ. ಮುಂದಕ್ಕೆ ಹೋಗುವ ಶಕ್ತಿಗೂ ಬೇರೆ ಪ್ರೊಪೆಲರ್ ಶಾಫ್ಟು, ಬೇರೆ ಡಿಫರೆನ್ಷಿಯಲ್, ಎಡಬಲಕ್ಕೆ ಒಂದೊಂದು ಎಕ್ಸೆಲ್. ‘ಫೋರ್ ಲೋ’ ಎಂಬಲ್ಲಿಗೆ ಹಾಕಿದರೆ ಇದೇ ಪೆಟ್ಟಿಗೆ ವೇಗವನ್ನು ಸುಮಾರು ಎರಡೂವರೆ ಪಟ್ಟು ತಗ್ಗಿಸಿ ತಿರುಗಿಸುವ ಬಲವನ್ನು ಅಷ್ಟೇ ಪಟ್ಟು ಹೆಚ್ಚಿಸುತ್ತದೆ.

ಈ ಏರ್ಪಾಟನ್ನು ಲೋಕಕ್ಕೆಲ್ಲ ಪರಿಚಯಿಸಿದ್ದು ಎರಡನೆಯ ಮಹಾಯುದ್ಧದ ಜೀಪು. 1941ರಿಂದ 1945ರವರೆಗೆ ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ 6 ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಸಂಸ್ಥೆ ಮುಂಬಯಿಯಲ್ಲಿ ಇವನ್ನು ಜೋಡಿಸತೊಡಗಿತು. ಕೊಡಚಾದ್ರಿಗೋ ಮಡಿಕೇರಿಯ ಮಾಂದಲಪಟ್ಟಿಗೋ ಜನರನ್ನು ಹೊತ್ತೊಯ್ಯುವ ಜೀಪುಗಳು ಆ ವಂಶದವೇ. ಈಚೆಗೆ 2016ರಲ್ಲಿ ಇಸುಜು ವಿ-ಕ್ರಾಸ್, 2022ರಲ್ಲಿ ಟೊಯೋಟಾ ಹೈಲಕ್ಸ್ ನಮ್ಮ ದೇಶದ ರಸ್ತೆಗಿಳಿದವು. ಲಿವರು ಹೋಗಿ ನಾಬು ಬಂದಿತಾದರೂ ಶಕ್ತಿಯ ದಾರಿ ಬದಲಾಗಿಲ್ಲ.

ಜೀಪು ಯುದ್ಧ ಮುಗಿಸಿ ಊರಿಗೆ ಬಂದಾಗ ಒಂದು ತೊಡಕು ಎದುರಾಯಿತು. ಡಾಂಬರು ರಸ್ತೆಯಲ್ಲಿ ಹಿಂಚಕ್ರದ ಚಾಲನೆ ಸಾಕು. ಆದರೆ ಮುಂದಿನ ಚಕ್ರಗಳು ಉರುಳುವಾಗ ಅವುಗಳಿಗೆ ಅಂಟಿಕೊಂಡ ಎಕ್ಸೆಲ್, ಡಿಫರೆನ್ಷಿಯಲ್, ಶಾಫ್ಟು ಎಲ್ಲವೂ ಕೆಲಸವಿಲ್ಲದೆ ತಿರುಗುತ್ತಿದ್ದವು. ಎಣ್ಣೆಯೂ ದಂಡ, ಸವಕಳಿಯೂ ದಂಡ. ಸಿಯಾಟಲ್‌ನ ಆರ್ಥರ್ ವಾರ್ನ್ ಎಂಬಾತ 1948ರಲ್ಲಿ ಇದಕ್ಕೊಂದು ಉಪಾಯ ಕಂಡುಹಿಡಿದ. ಚಕ್ರದ ನಡುವಿನ ಹಬ್‌ನಲ್ಲಿಯೇ ಒಂದು ಕೊಂಡಿ. ಬೇಕಾದಾಗ ಕೈಯಿಂದ ತಿರುಗಿಸಿ ‘ಲಾಕ್’ ಮಾಡಬಹುದು, ಬೇಡವಾದಾಗ ‘ಫ್ರೀ’ ಬಿಡಬಹುದು. ಮುಂದೆ ಈ ಕೆಲಸವನ್ನು ತಾನಾಗಿ ಮಾಡುವ ಹಬ್‌ಗಳೂ, ಎಕ್ಸೆಲ್ಲಿನ ನಡುವೆಯೇ ಕೊಂಡಿ ಬಿಡಿಸುವ ಏರ್ಪಾಟುಗಳೂ ಬಂದವು.

ಹೀಗಾಗಿ ಬಹಳಷ್ಟು ಗಾಡಿಗಳಲ್ಲಿ ಫೋರ್‌ವೀಲ್ ಬೀಳಬೇಕಾದರೆ ಎರಡು ಕಡೆ ಕೊಂಡಿ ಕೂಡಬೇಕು. ಒಂದು ಟ್ರಾನ್ಸ್‌ಫರ್ ಕೇಸ್‌ನಲ್ಲಿ, ಇನ್ನೊಂದು ಚಕ್ರದ ಬಳಿಯೋ ಮುಂದಿನ ಎಕ್ಸೆಲ್ಲಿನಲ್ಲೋ. ಎರಡರಲ್ಲಿ ಒಂದು ಕೂಡದಿದ್ದರೂ ಮುಂದಿನ ಚಕ್ರಕ್ಕೆ ಶಕ್ತಿಯಿಲ್ಲ.

ನಿಜವಾಗಿ ಕೆಟ್ಟಿದೆಯೇ?

ಗ್ಯಾರೇಜಿಗೆ ಹೋಗುವ ಮೊದಲು ಕೇಳಬೇಕಾದ ಪ್ರಶ್ನೆ ಇದು. ಏಕೆಂದರೆ ‘ಫೋರ್‌ವೀಲ್ ಹಾಕಿದರೂ ಗಾಡಿ ಏಳಲಿಲ್ಲ’ ಎನ್ನುವುದೂ ‘ಫೋರ್‌ವೀಲ್ ಬೀಳಲಿಲ್ಲ’ ಎನ್ನುವುದೂ ಒಂದೇ ಅಲ್ಲ. ಹೆಸರೇನೋ ನಾಲ್ಕು ಚಕ್ರದ ಚಾಲನೆ. ಆದರೆ ಕೆಸರಿನಲ್ಲಿ ಸಿಕ್ಕ ಸಾಮಾನ್ಯ ಪಿಕಪ್‌ನಲ್ಲಿ ತಿರುಗುವುದು ಹಿಂದೆ ಒಂದು, ಮುಂದೆ ಒಂದು, ಒಟ್ಟು ಎರಡೇ ಚಕ್ರ ಆಗಿರಬಹುದು. ತಪ್ಪು ಡಿಫರೆನ್ಷಿಯಲ್‌ನದು; ತಪ್ಪೆನ್ನುವುದಕ್ಕಿಂತ ಅದರ ಸ್ವಭಾವ ಎನ್ನಬೇಕು.

ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ, ಒಳಗಿನದು ಕಡಿಮೆ ದೂರ ಸಾಗಬೇಕು. ಇದಕ್ಕೆ ಅವಕಾಶ ಮಾಡಿಕೊಡುವ ಡಿಫರೆನ್ಷಿಯಲ್ಲನ್ನು ಫ್ರಾನ್ಸಿನ ಒನೆಸಿಫೋರ್ ಪೆಕರ್ 1820ರ ದಶಕದಲ್ಲೇ ರೂಪಿಸಿದ್ದ. ಅದರ ಗುಣವನ್ನು ಮಕ್ಕಳು ಮೇಜಿನ ಮೇಲೆಯೇ ಕಾಣಬಹುದು. ಒಂದು ಮರದ ಸ್ಕೇಲಿನ ಮೇಲೆ ದುಂಡನೆಯ ಪೆನ್ಸಿಲನ್ನು ಅಡ್ಡಲಾಗಿ ಇಟ್ಟು ಅದರ ಮೇಲೆ ಇನ್ನೊಂದು ಸ್ಕೇಲ್ ಇಡಬೇಕು. ಎರಡೂ ಸ್ಕೇಲುಗಳನ್ನು ಒಟ್ಟಿಗೆ 10 ಸೆಂ.ಮೀ. ಮುಂದಕ್ಕೆ ಸರಿಸಿದರೆ ಪೆನ್ಸಿಲ್ ಉರುಳದೆ 10 ಸೆಂ.ಮೀ. ಸಾಗುತ್ತದೆ. ಕೆಳಗಿನದನ್ನು ಬಿಗಿಹಿಡಿದು ಮೇಲಿನದನ್ನು ಮಾತ್ರ 10 ಸೆಂ.ಮೀ. ಸರಿಸಿದರೆ ಪೆನ್ಸಿಲ್ ಉರುಳುತ್ತ 5 ಸೆಂ.ಮೀ. ಮಾತ್ರ ಸಾಗುತ್ತದೆ. ಪೆನ್ಸಿಲನ್ನು ಎಂಜಿನ್ನಿನ ಕಡೆಯಿಂದ ಬಂದ ಚಲನೆ ಎಂದೂ ಸ್ಕೇಲುಗಳನ್ನು ಎಡ-ಬಲ ಚಕ್ರಗಳೆಂದೂ ಭಾವಿಸಿದರೆ ಅರ್ಥ ಸ್ಪಷ್ಟ. ಒಂದು ಚಕ್ರ ನಿಂತರೆ ಇನ್ನೊಂದು ಎರಡರಷ್ಟು ವೇಗದಲ್ಲಿ ತಿರುಗುತ್ತದೆ. ಡಿಫರೆನ್ಷಿಯಲ್ ಎರಡೂ ಕಡೆಗೆ ಸಮನಾಗಿ ಹಂಚುವುದು ತಿರುಗಿಸುವ ಬಲವನ್ನು, ವೇಗವನ್ನಲ್ಲ. ಕೆಸರಿನಲ್ಲಿ ಜಾರುವ ಚಕ್ರವನ್ನು ತಿರುಗಿಸಲು ಅತ್ಯಲ್ಪ ಬಲ ಸಾಕು. ಆದ್ದರಿಂದ ಗಟ್ಟಿ ನೆಲದ ಮೇಲಿರುವ ಚಕ್ರಕ್ಕೂ ಅಷ್ಟೇ ಅತ್ಯಲ್ಪ ಬಲ ದಕ್ಕುತ್ತದೆ.

ಆದ್ದರಿಂದ ಗಾಡಿ ಸಿಕ್ಕಿಕೊಂಡಾಗ ಒಬ್ಬರು ಪಕ್ಕಕ್ಕೆ ದೂರ ನಿಂತು ನೋಡಬೇಕು. ಗಾಡಿಯ ಮುಂದೆಯೂ ಅಲ್ಲ, ಹಿಂದೆಯೂ ಅಲ್ಲ. ಮುಂದಿನ ಎರಡು ಚಕ್ರಗಳಲ್ಲಿ ಒಂದಾದರೂ ಜಾರುತ್ತ ತಿರುಗುತ್ತಿದ್ದರೆ ಫೋರ್‌ವೀಲ್ ಬಿದ್ದಿದೆ. ಆಗ ಬೇಕಾದದ್ದು ಮೆಕ್ಯಾನಿಕ್ ಅಲ್ಲ, ಚಕ್ರದಡಿಗೆ ನಾಲ್ಕು ಕಲ್ಲು ಮತ್ತು ಒಂದು ಹಾರೆ.

ಇನ್ನು ಮರೆವಿನ ಪ್ರಕರಣಗಳು. ಕೈಯಿಂದ ತಿರುಗಿಸುವ ಹಬ್ ಇರುವ ಗಾಡಿಯಲ್ಲಿ ಒಳಗೆ ಲಿವರು ಹಾಕಿ, ಮಳೆಯಲ್ಲಿ ಇಳಿಯಲು ಬೇಸರವಾಗಿ ಹಬ್ ‘ಫ್ರೀ’ಯಲ್ಲೇ ಬಿಟ್ಟವರು ಕಡಿಮೆಯಿಲ್ಲ. ಒಂದು ಬದಿಯದನ್ನು ಮಾತ್ರ ಲಾಕ್ ಮಾಡಿದರೂ ಅದೇ ಫಲ. ನಾಬಿನ ಗಾಡಿಯಲ್ಲಿ ‘ಫೋರ್ ಲೋ’ ಬೀಳಬೇಕಾದರೆ ಗಾಡಿ ನಿಂತಿರಬೇಕು, ಕ್ಲಚ್ ತುಳಿದಿರಬೇಕು ಅಥವಾ ಗೇರು ನ್ಯೂಟ್ರಲ್‌ನಲ್ಲಿರಬೇಕು. ಮಾದರಿಯಿಂದ ಮಾದರಿಗೆ ಷರತ್ತು ಬೇರೆ. ಎಲ್ಲ ಸರಿಯಿದ್ದೂ ದೀಪ ಮಿನುಗುತ್ತಿದ್ದರೆ ಬಳೆಯ ಹಲ್ಲು ಎದುರಿನ ಸಂದಿಗೆ ಕೂಡದೆ ಹಲ್ಲಿಗೆ ಹಲ್ಲು ತಾಗಿ ನಿಂತಿರಬಹುದು. ಒಂದೆರಡು ಅಡಿ ಹಿಂದೆ ಮುಂದೆ ಉರುಳಿಸಿದರೆ ‘ಟಕ್’ ಎಂದು ಕೂರುತ್ತದೆ. ಚಕ್ರ ಜಾರುತ್ತಿರುವಾಗಲೇ ನಾಬು ತಿರುಗಿಸುವುದು ಬಹುಜನರ ಅಭ್ಯಾಸ. ಹಿಂದಿನ ಶಾಫ್ಟು ರಭಸದಿಂದ ತಿರುಗುತ್ತ ಮುಂದಿನದು ನಿಂತಿರುವಾಗ ಹಲ್ಲುಗಳು ಕೂಡುವುದಾದರೂ ಹೇಗೆ? ಕೆಸರಿಗೆ ಇಳಿಯುವ ಮೊದಲೇ ಹಾಕಿಕೊಳ್ಳಬೇಕು.

ಬರಿಗೈಯ ಪರೀಕ್ಷೆ

ಇಷ್ಟರ ಮೇಲೂ ಬೀಳದಿದ್ದರೆ ದಾರಿಯನ್ನು ನಡುವೆ ಕತ್ತರಿಸಿ ನೋಡಬೇಕು. ಕೈಯಿಂದ ತಿರುಗಿಸುವ ಹಬ್ ಮತ್ತು ಲಿವರ್ ಇರುವ ಗಾಡಿಯಲ್ಲಿ ಇದಕ್ಕೆ ಒಂದು ಸ್ಪ್ಯಾನರೂ ಬೇಡ. ಗಾಡಿ ಸಮತಟ್ಟಾದ ಗಟ್ಟಿ ನೆಲದಲ್ಲಿರಬೇಕು, ಎಂಜಿನ್ ಆರಿರಬೇಕು, ಹ್ಯಾಂಡ್‌ಬ್ರೇಕ್ ಹಾಕಿ ನಾಲ್ಕೂ ಚಕ್ರಗಳಿಗೆ ಕಲ್ಲು ಕೊಟ್ಟಿರಬೇಕು, ಕೀಲಿ ಅಡಿಯಲ್ಲಿ ಮಲಗುವವರ ಜೇಬಿನಲ್ಲೇ ಇರಬೇಕು. ಗೇರಿನಲ್ಲಿ ನಿಲ್ಲಿಸಿದ್ದೇನೆ ಎಂಬ ಧೈರ್ಯ ಸಾಲದು. ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್‌ಗೆ ಬಂದ ಕ್ಷಣ ಗೇರಿಗೂ ಚಕ್ರಕ್ಕೂ ಸಂಬಂಧ ತಪ್ಪಿ ಗಾಡಿ ಉರುಳಬಲ್ಲದು.

ಮೊದಲು ಎರಡೂ ಹಬ್ ‘ಫ್ರೀ’ ಮಾಡಿ, ಲಿವರನ್ನು ಫೋರ್ ಹೈಗೆ ಹಾಕಿ, ಒಂದನೆಯ ಗೇರಿನಲ್ಲಿ ಬಿಟ್ಟು, ಮುಂದಿನ ಪ್ರೊಪೆಲರ್ ಶಾಫ್ಟನ್ನು ಕೈಯಿಂದ ತಿರುಗಿಸಿ ನೋಡಬೇಕು. ತುಸು ಅಲುಗಾಡಿ ನಿಲ್ಲಬೇಕು. ಸಲೀಸಾಗಿ ತಿರುಗುತ್ತಲೇ ಹೋದರೆ ಟ್ರಾನ್ಸ್‌ಫರ್ ಕೇಸ್‌ನ ಕೊಂಡಿ ಕೂಡಿಲ್ಲ. ಎರಡನೆಯದಾಗಿ ಲಿವರನ್ನು ಟೂ ಹೈಗೆ ತಂದು ಎರಡೂ ಹಬ್ ‘ಲಾಕ್’ ಮಾಡಿ ಅದೇ ಶಾಫ್ಟನ್ನು ಮತ್ತೆ ತಿರುಗಿಸಬೇಕು. ಈಗ ಅದನ್ನು ಹಿಡಿದಿರುವುದು ಟ್ರಾನ್ಸ್‌ಫರ್ ಕೇಸ್ ಅಲ್ಲ, ನೆಲದ ಮೇಲೆ ನಿಂತ ಚಕ್ರಗಳು. ಶಾಫ್ಟು ತಿರುಗಿದರೆ ಒಂದು ಹಬ್ ಆದರೂ ಹಿಡಿದಿಲ್ಲ ಎಂದೇ ಅರ್ಥ.

ಎರಡೇ ಪರೀಕ್ಷೆ, ಕೈಗೆ ಸ್ವಲ್ಪ ಗ್ರೀಸು. ಅಷ್ಟಕ್ಕೆ ಅರ್ಧ ಗಾಡಿ ನಿರಪರಾಧಿ ಎಂದು ಬಿಡುಗಡೆಯಾಗುತ್ತದೆ! ಪ್ರಯೋಗಶಾಲೆಯಲ್ಲಿ ‘ಒಂದು ಬಾರಿಗೆ ಒಂದನ್ನೇ ಬದಲಿಸು’ ಎಂದು ಬರೆಸುವ ನಿಯಮ ಇದೇ. ಅಲ್ಲಿ ಬರೆದು ಅಂಕ ಪಡೆಯುವ ಹುಡುಗನಿಗೆ ಇಲ್ಲಿ ಅದರ ಬೆಲೆ ತಿಳಿಯುತ್ತದೆ.

ಹಬ್‌ನ ಕೊಂಡಿ ಕೈಗೆ ಸಿಗದ ಹೊಸ ಗಾಡಿಗಳಲ್ಲಿ ಮುಂದಿನ ಎರಡೂ ಚಕ್ರಗಳನ್ನು ಎತ್ತಿ ಗಟ್ಟಿ ಸ್ಟ್ಯಾಂಡುಗಳ ಮೇಲೆ ಕೂರಿಸಬೇಕಾಗುತ್ತದೆ. ಬರಿಯ ಜಾಕಿಯನ್ನು ನಂಬಿ ಅಡಿಗೆ ಹೋಗಬಾರದು, ಇದು ಗ್ಯಾರೇಜಿನವರ ಸಮ್ಮುಖದಲ್ಲೇ ಆಗಲಿ. ಫೋರ್‌ವೀಲ್ ಹಾಕಿ, ಎಂಜಿನ್ ಆರಿಸಿ, ಗೇರಿನಲ್ಲಿ ಬಿಟ್ಟು ಎಡ ಚಕ್ರವನ್ನು ಕೈಯಿಂದ ಮುಂದಕ್ಕೆ ತಿರುಗಿಸಿದರೆ ಬಲ ಚಕ್ರ ಹಿಂದಕ್ಕೆ ತಿರುಗಬೇಕು, ಪ್ರೊಪೆಲರ್ ಶಾಫ್ಟು ಅಲ್ಲಾಡಬಾರದು. ಶಾಫ್ಟೂ ತಿರುಗಿದರೆ ದೋಷ ಹಿಂದೆ, ಟ್ರಾನ್ಸ್‌ಫರ್ ಕೇಸಿನಲ್ಲಿ. ಶಾಫ್ಟು ಸುಮ್ಮನಿದ್ದು ಬಲ ಚಕ್ರವೂ ಸುಮ್ಮನಿದ್ದರೆ ದೋಷ ಮುಂದೆ, ಎಕ್ಸೆಲ್ಲಿನಲ್ಲೋ ಹಬ್‌ನಲ್ಲೋ. ಈ ಸ್ಥಿತಿಯಲ್ಲಿ ಎಂಜಿನ್ ಚಾಲೂ ಮಾಡಿ ಗೇರು ಹಾಕುವ ಉತ್ಸಾಹ ಮಾತ್ರ ಯಾರಿಗೂ ಬೇಡ. ಹಿಂಚಕ್ರಗಳು ನೆಲದ ಮೇಲಿವೆ. ಗಾಡಿ ಸ್ಟ್ಯಾಂಡಿನಿಂದ ಹಾರುತ್ತದೆ.

ಎಳೆಯುವುದು ಯಾರು?

ದೋಷ ಮುಂದಿನ ಎಕ್ಸೆಲ್ಲಿನಲ್ಲಿದೆ ಎಂದಾಯಿತು ಎನ್ನೋಣ. ಅಲ್ಲಿ ಕೊಂಡಿ ಸರಿಸುವವರು ಯಾರು? ಅನೇಕ ಪಿಕಪ್‌ಗಳಲ್ಲಿ ಈ ಕೆಲಸ ನಿರ್ವಾತದ್ದು. ಡಬ್ಬಿಯೊಂದರ ನಡುವೆ ರಬ್ಬರಿನ ಪೊರೆ, ಪೊರೆಗೆ ಕಟ್ಟಿದ ಸರಳು. ಒಂದು ಬದಿಯ ಗಾಳಿಯನ್ನು ಕೊಳವೆಯ ಮೂಲಕ ಹೀರಿದಾಗ ಪೊರೆ ಆ ಕಡೆಗೆ ಸರಿದು ಕೊಂಡಿಯನ್ನು ಕೂಡಿಸುತ್ತದೆ. ನಿರ್ವಾತ ಎಳೆಯುತ್ತದೆ ಎನ್ನುವುದು ವಾಡಿಕೆಯ ಮಾತು. ನಿಜವಾಗಿ ತಳ್ಳುವುದು ಇನ್ನೊಂದು ಬದಿಯಲ್ಲಿರುವ ವಾತಾವರಣ, ಎಳನೀರನ್ನು ಕೊಳವೆಯೊಳಗೆ ಮೇಲಕ್ಕೆ ತಳ್ಳುವ ಅದೇ ವಾತಾವರಣ.

ಎಷ್ಟು ಬಲ? ವಾತಾವರಣದ ಒತ್ತಡ ಚದರ ಸೆಂ.ಮೀ.ಗೆ ಸುಮಾರು 1 ಕಿಲೋಗ್ರಾಂ ಭಾರದಷ್ಟು. ಪಂಪು ಅದರಲ್ಲಿ ಹತ್ತರಲ್ಲಿ ಆರು ಪಾಲನ್ನು ತೆಗೆದುಹಾಕಿತು ಎಂದರೆ ಎರಡು ಬದಿಗಳ ಅಂತರ 0.6. ಪೊರೆಯ ವ್ಯಾಸ 6 ಸೆಂ.ಮೀ. ಆದರೆ ವಿಸ್ತೀರ್ಣ 3.14 × 3 × 3, ಅಂದರೆ ಸುಮಾರು 28 ಚದರ ಸೆಂ.ಮೀ. ಒಟ್ಟು ಬಲ ಸುಮಾರು 17 ಕಿಲೋಗ್ರಾಂ ಭಾರದಷ್ಟು! ಅಂಗೈಯಗಲದ ಡಬ್ಬಿಗೆ ಇದು ಕಡಿಮೆಯಲ್ಲ. ಆದರೆ ಕೊಳವೆ ಸೀಳಿ ಅಂತರ 0.1ಕ್ಕೆ ಇಳಿದರೆ ಉಳಿಯುವುದು 3 ಕಿಲೋಗ್ರಾಂಗೂ ಕಡಿಮೆ. ಎಂಟು ತಿಂಗಳು ಕದಲದೆ ತುಕ್ಕು ಹಿಡಿದ ಸರಳು ಇಷ್ಟಕ್ಕೆ ಜಗ್ಗುವುದಿಲ್ಲ. ಶೆಡ್ಡಿನಲ್ಲಿ ನಿಂತ ಗಾಡಿಯ ರಬ್ಬರ್ ಕೊಳವೆಗಳ ಮೇಲೆ ಇಲಿಗಳಿಗೆ ಇರುವ ಪ್ರೀತಿ ತೋಟದವರಿಗೆಲ್ಲ ಗೊತ್ತೇ ಇದೆ.

ಪರೀಕ್ಷೆಗೆ ಔಷಧ ಅಂಗಡಿಯ 50 ಮಿ.ಲೀ. ಸಿರಿಂಜು ಸಾಕು, ಸೂಜಿ ಬೇಡ. ಡಬ್ಬಿಗೆ ಹೋಗುವ ಕೊಳವೆಯನ್ನು ಕಳಚಿ, ಸಿರಿಂಜಿಗೆ ತೊಡಿಸಿ ದಟ್ಟೆಯನ್ನು ಹಿಂದಕ್ಕೆ ಎಳೆಯಬೇಕು. ಬಿಗಿ ಹತ್ತಿ, ಬಿಟ್ಟೊಡನೆ ದಟ್ಟೆ ಮುಂದಕ್ಕೆ ಓಡಿದರೆ ಪೊರೆ ಗಟ್ಟಿಯಾಗಿದೆ. ಬಿಗಿಯೇ ಇಲ್ಲದೆ ಸರಾಗವಾಗಿ ಹಿಂದೆ ಬಂದರೆ ಪೊರೆಯಲ್ಲೋ ಕೊಳವೆಯಲ್ಲೋ ತೂತಿದೆ. ಬಾಯಿಯಿಂದ ಹೀರಿ ನೋಡುವ ಹಳೆಯ ಅಭ್ಯಾಸ ಬೇಡ, ಆ ಕೊಳವೆಯಲ್ಲಿ ಎಣ್ಣೆ ಇರಬಹುದು.

ಪೊರೆ ಚೆನ್ನಾಗಿದ್ದರೆ ನಿರ್ವಾತ ಹುಟ್ಟುವ ಕಡೆ ನೋಡಬೇಕು. ಪೆಟ್ರೋಲ್ ಎಂಜಿನ್ ಗಾಳಿ ಹೀರುವಾಗ ಥ್ರಾಟಲ್ ಅಡ್ಡ ಇರುವುದರಿಂದ ಒಳಗೆ ತಾನಾಗಿ ಒತ್ತಡ ಕುಸಿಯುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಹಾಗೆ ಸಿಗುವುದಿಲ್ಲ, ಅದಕ್ಕೆಂದೇ ಬೇರೆ ಪಂಪು ಬೇಕು. ಹಲವು ಗಾಡಿಗಳಲ್ಲಿ ಅದು ಆಲ್ಟರ್ನೇಟರಿನ ಬೆನ್ನಿಗೇ ಅಂಟಿಕೊಂಡಿರುತ್ತದೆ. ಗಮನಿಸಬೇಕಾದ ಮಾತೆಂದರೆ ಬ್ರೇಕನ್ನು ಹಗುರ ಮಾಡುವ ಬೂಸ್ಟರಿಗೂ ನಿರ್ವಾತ ಬರುವುದು ಇದೇ ಪಂಪಿನಿಂದ. ಫೋರ್‌ವೀಲ್ ಬೀಳದಿರುವುದರ ಜೊತೆಗೆ ಬ್ರೇಕ್ ಪೆಡಲು ಕಲ್ಲಿನಂತೆ ಗಟ್ಟಿಯಾಗಿದ್ದರೆ ಫೋರ್‌ವೀಲಿನ ಯೋಚನೆ ಬಿಟ್ಟು ಗಾಡಿಯನ್ನು ಅಲ್ಲೇ ನಿಲ್ಲಿಸಬೇಕು. ಘಾಟಿ ಇಳಿಯುವ ಮಾತಂತೂ ಬೇಡವೇ ಬೇಡ.

ಇಲ್ಲಿ ಅಮೆರಿಕದ ಪಿಕಪ್‌ಗಳನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಅಲ್ಲಿ ಒಂದೇ ಕೆಲಸಕ್ಕೆ ತರಹೇವಾರಿ ಉಪಾಯಗಳು. ಷೆವ್ರೊಲೆಯ ಎಸ್-10 ಎಂಬ ಸಣ್ಣ ಪಿಕಪ್‌ನಲ್ಲಿ ನಿರ್ವಾತದ ಡಬ್ಬಿ ಬ್ಯಾಟರಿಯ ಅಡಿಯಲ್ಲೇ ಇತ್ತು. ಬ್ಯಾಟರಿಯ ಆಮ್ಲ ತೊಟ್ಟಿಕ್ಕಿದರೆ ಅದರ ಗತಿ ಹೇಳಬೇಕಿಲ್ಲ. 1988ರಲ್ಲಿ ಬಂದ ಅದೇ ಕಂಪನಿಯ ದೊಡ್ಡ ಪಿಕಪ್‌ನಲ್ಲಿ ನಿರ್ವಾತವೂ ಇಲ್ಲ, ಮೋಟಾರೂ ಇಲ್ಲ! ಸಣ್ಣ ಉರುಳೆಯೊಂದರ ಒಳಗಿನ ವಸ್ತುವನ್ನು ವಿದ್ಯುತ್ತಿನಿಂದ ಕಾಯಿಸಿದಾಗ ಅದು ಹಿಗ್ಗಿ ಸರಳನ್ನು ತಳ್ಳುತ್ತಿತ್ತು. ಕಾಯಲು ಸಮಯ ಬೇಡವೇ? ಹಿಮಗಾಲದಲ್ಲಿ ಇನ್ನೂ ತಡ. ಫೋರ್‌ವೀಲ್ ಕೆಟ್ಟಿತೆಂದು ಅವಸರಪಟ್ಟವರಿಗೆ ನಿಜವಾಗಿ ಬೇಕಾಗಿದ್ದದ್ದು ಅರ್ಧ ನಿಮಿಷದ ತಾಳ್ಮೆ. ಕೆಲವು ವರ್ಷಗಳ ಬಳಿಕ ಕಂಪನಿಯೇ ಅದನ್ನು ಬಿಟ್ಟು ಮೋಟಾರು ಇಟ್ಟಿತು. ಇನ್ನು ಫೋರ್ಡ್ ಎಫ್-150ರಲ್ಲಿ 2004ರ ಮಾದರಿಯಿಂದ ತರ್ಕವೇ ತಿರುಗುಮುರುಗು. ಅಲ್ಲಿ ನಿರ್ವಾತ ಹಬ್‌ಗಳನ್ನು ಬಿಡಿಸಿ ಹಿಡಿದಿರುತ್ತದೆ; ನಿರ್ವಾತ ಹೋದರೆ ಹಬ್ ಕೂಡಿಕೊಳ್ಳುತ್ತದೆ. ಕೊಳವೆ ಸೀಳಿದರೆ ಒಂದು ಗಾಡಿಯಲ್ಲಿ ಫೋರ್‌ವೀಲ್ ಬೀಳುವುದಿಲ್ಲ, ಇನ್ನೊಂದರಲ್ಲಿ ಬೇಡವೆಂದಾಗಲೂ ಹಬ್ ಕರಕರ ಕಚ್ಚುತ್ತದೆ. ಗಾಡಿಯ ಕೈಪಿಡಿಯನ್ನು ಪ್ಲಾಸ್ಟಿಕ್ ಚೀಲದಿಂದ ಹೊರಗೆ ತೆಗೆಯದವರು ಈ ಭೇದವನ್ನು ತಿಳಿಯುವ ಬಗೆ ಕಾಣದು.

ಮೀಟರು ಹೇಳದ ಸತ್ಯ

ದೋಷ ಹಿಂದೆ, ಟ್ರಾನ್ಸ್‌ಫರ್ ಕೇಸಿನಲ್ಲಿದ್ದರೆ ನಾಬಿನ ಗಾಡಿಯಲ್ಲಿ ಮೊದಲು ಕಿವಿಗೊಡಬೇಕು. ಎಂಜಿನ್ ಆರಿಸಿ, ಕೀಲಿ ಮಾತ್ರ ತಿರುಗಿಸಿ ನಾಬು ತಿರುಗಿಸಿದಾಗ ಅಡಿಯಲ್ಲಿ ‘ಗುಂಯ್’ ಎಂಬ ಸದ್ದು ಬಂದರೆ ಮೋಟಾರು ಬದುಕಿದೆ. ಸದ್ದಿಲ್ಲದಿದ್ದರೆ ಫ್ಯೂಸು, ಆಮೇಲೆ ತಂತಿ. ಇನ್ನೊಂದು ಸುಳಿವೂ ಉಂಟು. ಫೋರ್ ಹೈ ಬಿದ್ದು ಫೋರ್ ಲೋ ಮಾತ್ರ ಬೀಳದಿದ್ದರೆ ಮೋಟಾರನ್ನು ಶಂಕಿಸುವ ಮೊದಲು ಕ್ಲಚ್ ಪೆಡಲಿನ ಬಳಿಯ ಸ್ವಿಚ್ಚನ್ನು ನೋಡಬೇಕು. ಕ್ಲಚ್ ತುಳಿದದ್ದು ನಿಯಂತ್ರಣ ಪೆಟ್ಟಿಗೆಗೆ ತಿಳಿಯದಿದ್ದರೆ ಅದು ಅಪ್ಪಣೆ ಕೊಡುವುದಿಲ್ಲ.

ಮೋಟಾರಿನ ಕನೆಕ್ಟರ್ ಇರುವುದು ಗಾಡಿಯ ಹೊಟ್ಟೆಯಡಿ. ಹಳ್ಳ ದಾಟುವಾಗ ನೀರು, ಆಮೇಲೆ ಕೆಸರು, ಆಮೇಲೆ ಹಸಿರು ಕಿಲುಬು. ಇಲ್ಲಿ ಮೀಟರು ಹಿಡಿದವರು ಮೋಸಹೋಗುತ್ತಾರೆ. ಕನೆಕ್ಟರ್ ಬಿಚ್ಚಿ ಮೀಟರು ಇಟ್ಟು ನಾಬು ತಿರುಗಿಸಿದರೆ ಸರಿಯಾಗಿ 12 ವೋಲ್ಟ್ ತೋರಿಸುತ್ತದೆ. “ಕರೆಂಟು ಬರುತ್ತಿದೆ, ಮೋಟಾರೇ ಸತ್ತಿದೆ” ಎಂಬ ತೀರ್ಮಾನ ಸಿದ್ಧ!

ಹತ್ತನೆಯ ತರಗತಿಯ ಓಮ್ ನಿಯಮ ಬೇರೆಯೇ ಹೇಳುತ್ತದೆ. ಮೋಟಾರಿನ ರೋಧ 1.2 ಓಮ್ ಇದ್ದರೆ 12 ವೋಲ್ಟಿಗೆ 10 ಆಂಪಿಯರ್ ಹರಿಯಬೇಕು. (ಲೆಕ್ಕ ಸುಲಭವಾಗಲೆಂದು ಆರಿಸಿದ ಅಂಕಿ, ಮೋಟಾರು ತಿರುಗತೊಡಗಿದ ಮೇಲಿನ ಕಥೆ ಬೇರೆ.) ದಾರಿಯಲ್ಲೆಲ್ಲೋ ಕಿಲುಬು ಹಿಡಿದ ಜೋಡಣೆಯ ರೋಧ 4 ಓಮ್ ಸೇರಿದರೆ ಒಟ್ಟು 5.2 ಓಮ್, ಹರಿಯುವುದು 2.3 ಆಂಪಿಯರ್ ಮಾತ್ರ. ಮೋಟಾರಿನ ಪಾಲಿಗೆ 3 ವೋಲ್ಟಿಗೂ ಕಡಿಮೆ, ಮಿಕ್ಕದ್ದೆಲ್ಲ ಕಿಲುಬಿನ ಪಾಲು. ಆದರೆ ಮೀಟರು ಕೇಳುವ ವಿದ್ಯುತ್ತು ಇಲ್ಲವೆನ್ನುವಷ್ಟು ಕಡಿಮೆ, ಅದರ ರೋಧ ಲಕ್ಷಗಟ್ಟಲೆ ಓಮ್. ಅದರ ಮುಂದೆ 4 ಓಮ್ ಯಾವ ಲೆಕ್ಕ? ಹಾಗಾಗಿ ಅದು ಪೂರ್ತಿ 12 ತೋರಿಸುತ್ತದೆ. ಹಗ್ಗ ಗಟ್ಟಿಯಿದೆಯೇ ಎಂದು ನೋಡಲು ಬರಿಯ ಬಕೆಟ್ ಇಳಿಬಿಟ್ಟಂತೆ.

ಹಳೆಯ ಎಲೆಕ್ಟ್ರಿಷಿಯನ್ನರು ಎರಡು ತಂತಿ ಬೆಸೆದ 21 ವಾಟ್‌ನ ಇಂಡಿಕೇಟರ್ ಬಲ್ಬನ್ನು ಜೇಬಿನಲ್ಲಿಟ್ಟುಕೊಳ್ಳುವುದು ಇದಕ್ಕಾಗಿಯೇ. ಅದು ಸುಮಾರು 1.75 ಆಂಪಿಯರ್ ಕೇಳುತ್ತದೆ. ಮೋಟಾರಿನ ದಪ್ಪ ತಂತಿಗಳಿಗೆ ಹಿಡಿದು ನಾಬು ತಿರುಗಿಸಿದಾಗ ಪ್ರಖರವಾಗಿ ಬೆಳಗಿದರೆ ದಾರಿ ಚೊಕ್ಕ. ಮಂಕಾಗಿ ಕೆಂಪಗೆ ಮಿನುಗಿದರೆ ದಾರಿಯಲ್ಲಿ ಕಿಲುಬು. ಆಗ ಅರ್ತ್ ತಂತಿ ಚಾಸಿಗೆ ಸೇರುವ ಬೋಲ್ಟನ್ನೂ ಬಿಚ್ಚಿ ಉಜ್ಜಬೇಕು, ಹೋದ ಕರೆಂಟು ಮರಳುವುದೂ ತಂತಿಯಲ್ಲೇ ಅಲ್ಲವೇ! ಈ ಬಲ್ಬನ್ನು ಸೆನ್ಸರುಗಳ ಸಣ್ಣ ತಂತಿಗಳಿಗೆ ಹಚ್ಚಿದರೆ ಮಾತ್ರ ನಿಯಂತ್ರಣ ಪೆಟ್ಟಿಗೆ ಸುಟ್ಟೀತು.

ತಂತಿ, ಮೋಟಾರು ಎರಡೂ ಸರಿಯಿದ್ದು ಬಳೆ ಸರಿಯದಿದ್ದರೆ ಟ್ರಾನ್ಸ್‌ಫರ್ ಕೇಸ್ ಬಿಚ್ಚಬೇಕು. ಸವೆದ ಫೋರ್ಕ್, ಉದ್ದವಾದ ಸರಪಳಿ, ಉರುಟಾದ ಹಲ್ಲು ಅಲ್ಲಿ ಸಿಗಬಹುದು. ಅದು ನುರಿತವರ ಕೆಲಸ, ಖರ್ಚಿನದೂ ಹೌದು. ಅಲ್ಲಿಗೆ ಕೊನೆಯಲ್ಲಿ ಹೋಗಬೇಕು, ಮೊದಲಲ್ಲ.

ಬಿದ್ದದ್ದು ಬಿಡದಿದ್ದರೆ

ಇದರ ವಿರುದ್ಧದ ದೂರೂ ಅಷ್ಟೇ ಸಾಮಾನ್ಯ. ಫೋರ್‌ವೀಲ್ ಬಿತ್ತು, ಡಾಂಬರು ರಸ್ತೆಗೆ ಬಂದ ಮೇಲೆ ಬಿಡುತ್ತಿಲ್ಲ, ಸ್ಟೇರಿಂಗ್ ಭಾರ, ತಿರುವಿನಲ್ಲಿ ಟಯರು ಕಿರುಗುಟ್ಟುತ್ತದೆ. ಕಾರಣ ರೇಖಾಗಣಿತದಲ್ಲಿದೆ. ಮುಂದಿನ ಮತ್ತು ಹಿಂದಿನ ಎಕ್ಸೆಲ್ಲುಗಳ ನಡುವಿನ ಅಂತರ 3 ಮೀಟರ್ ಇರುವ ಗಾಡಿ ಹಿಂದಿನ ಎಕ್ಸೆಲ್ಲಿನ ನಡುಬಿಂದು 6 ಮೀಟರ್ ತ್ರಿಜ್ಯದಲ್ಲಿ ಸಾಗುವಂತೆ ಸುತ್ತು ಹಾಕಿತು ಎನ್ನಿ. ಪೈಥಾಗೊರಸನ ಪ್ರಕಾರ ಮುಂದಿನ ಎಕ್ಸೆಲ್ಲಿನ ನಡುಬಿಂದು ಸಾಗುವ ತ್ರಿಜ್ಯ 36 + 9ರ ವರ್ಗಮೂಲ, ಅಂದರೆ 6.7 ಮೀಟರ್. ಒಂದು ಸುತ್ತಿಗೆ ಮುಂದಿನ ಚಕ್ರಗಳು ಸುಮಾರು 4.4 ಮೀಟರ್ ಹೆಚ್ಚು ನಡೆಯಬೇಕು, 2.2 ಮೀಟರ್ ಸುತ್ತಳತೆಯ ಟಯರಿಗೆ ಅದು ಎರಡು ಪೂರ್ತಿ ಸುತ್ತು. ಆದರೆ ಟ್ರಾನ್ಸ್‌ಫರ್ ಕೇಸ್ ಮುಂದಿನ, ಹಿಂದಿನ ಶಾಫ್ಟುಗಳನ್ನು ಸಮವೇಗಕ್ಕೆ ಕಟ್ಟಿಹಾಕಿದೆ. ಕೆಸರಿನಲ್ಲಾದರೆ ಚಕ್ರ ಜಾರಿ ಸರಿದೂಗಿಸಿಕೊಳ್ಳುತ್ತದೆ. ಡಾಂಬರಿನಲ್ಲಿ ಜಾರಲಾಗದೆ ಶಾಫ್ಟುಗಳೇ ಹಿಂಡಿದ ಬಟ್ಟೆಯಂತೆ ತಿರುಚಿಕೊಂಡು ನಿಲ್ಲುತ್ತವೆ, ಆ ಬಿಗಿಯಲ್ಲಿ ಬಳೆಯ ಹಲ್ಲುಗಳು ಕಚ್ಚಿಕೊಳ್ಳುತ್ತವೆ. ಲಿವರನ್ನು ಒದ್ದು ಬಿಡಿಸುವವರಿದ್ದಾರೆ. ನಾಲ್ಕಾರು ಮೀಟರ್ ನೇರವಾಗಿ ಹಿಂದಕ್ಕೆ ಓಡಿಸಿದರೆ ಬಿಗಿ ಬಿಚ್ಚಿ ತಾನೇ ಸಡಿಲವಾಗುತ್ತದೆ.

ಮುಂದೆ ಹೊಸ ಟಯರು, ಹಿಂದೆ ಸವೆದ ಟಯರು ಹಾಕಿ ಫೋರ್‌ವೀಲ್ ಓಡಿಸಿದರೆ ನೇರ ರಸ್ತೆಯಲ್ಲೂ ಇದೇ ಬಿಗಿ ಸಣ್ಣದಾಗಿ ಕೂಡುತ್ತ ಹೋಗುತ್ತದೆ. ಪಿಕಪ್ ಮಾಲೀಕರು ಎರಡೆರಡೇ ಟಯರು ಕೊಳ್ಳುವಾಗ ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮಲೆನಾಡಿನ ಗಾಡಿಗಳ ಫೋರ್‌ವೀಲ್ ಕೆಡುವುದು ಬಳಸಿ ಅಲ್ಲ, ಬಳಸದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದುಡಿದು ಮಿಕ್ಕ ಎಂಟು ತಿಂಗಳು ಕೊಂಡಿಗಳು ಕದಲುವುದೇ ಇಲ್ಲ. ಗ್ರೀಸು ಗಟ್ಟಿಯಾಗುತ್ತದೆ, ಸರಳು ತುಕ್ಕು ಹಿಡಿಯುತ್ತದೆ, ಕನೆಕ್ಟರಿನಲ್ಲಿ ಕಿಲುಬು ಬೆಳೆಯುತ್ತದೆ. ತಿಂಗಳಿಗೊಮ್ಮೆ ಮಣ್ಣುರಸ್ತೆಯಲ್ಲಿ ಫೋರ್‌ವೀಲ್ ಹಾಕಿ ಒಂದೆರಡು ಕಿಲೋಮೀಟರ್ ನೇರವಾಗಿ ಓಡಿಸಿದರೆ ಎಲ್ಲ ಕೊಂಡಿಗಳಿಗೂ ವ್ಯಾಯಾಮ, ಒಳಗಿನ ಸರಪಳಿಗೂ ಎಣ್ಣೆ. ಹಳ್ಳದ ನೀರು ಹಬ್‌ಗಿಂತ ಮೇಲೆ ಬಂದಿದ್ದರೆ ಮಳೆಗಾಲ ಮುಗಿದೊಡನೆ ಮುಂದಿನ ಡಿಫರೆನ್ಷಿಯಲ್ಲಿನ ಆಯಿಲ್ ತುಸು ಇಳಿಸಿ ನೋಡಬೇಕು. ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ, ಆಯಿಲ್ ಬದಲಿಸಬೇಕು. ಕೈಯಿಂದ ತಿರುಗಿಸುವ ಹಬ್ ಇದ್ದರೆ ಮೇ ತಿಂಗಳ ಒಂದು ಒಣ ಭಾನುವಾರ, ಮೊದಲ ಮಳೆಗೆ ಮುಂಚೆ, ಎರಡೂ ಬದಿ ‘ಲಾಕ್’ ಮಾಡಿ ನೋಡಬೇಕು. ಬೆರಳಿಗೆ ‘ಟಕ್’ ಎಂದು ತಿಳಿಯುವಂತೆ ಕೂತರೆ ಸರಿ. ಇಕ್ಕಳ ಹಾಕಿ ತಿರುಗಿಸಬೇಕಾಗಿ ಬಂದರೆ ಅದನ್ನು ಆಗಲೇ ಬಿಚ್ಚಿ, ಒರೆಸಿ, ಹೊಸ ಗ್ರೀಸು ಹಚ್ಚಬೇಕು.